ನಡುವಿನವನನ್ನು ಹಿಡಿಯಿರಿ: ಅನುಕ್ರಮ ಪೂರ್ಣಾಂಕಗಳ ಬಳಕೆ ಕೈಪಿಡಿ

ಬಳಸುವ ಮುನ್ನ

ಹೊಸ ಮಿಕ್ಸಿ ತಂದರೆ ಜೊತೆಗೊಂದು ಪುಸ್ತಕ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಮಿಕ್ಸಿ ಕೆಟ್ಟ ದಿನ ಹುಡುಕುತ್ತಾರೆ, ಅಷ್ಟು ಹೊತ್ತಿಗೆ ಅದು ಸಾಂಬಾರ ಡಬ್ಬಿಯ ಅಡಿಗೆ ಹಾಸಾಗಿರುತ್ತದೆ. ಗಣಿತಕ್ಕೆ ಅಂಥ ಪುಸ್ತಕವೂ ಇಲ್ಲ. ಯಂತ್ರ ಸೀದಾ ಮಕ್ಕಳ ಕೈಗೆ ಬರುತ್ತದೆ, ಬಂದ ದಿನವೇ ಕೆಟ್ಟು ನಿಲ್ಲುತ್ತದೆ, ರಿಪೇರಿಗೆ ಮನೆಯಲ್ಲಿ ಖಾಲಿ ಕೂತ ಚಿಕ್ಕಪ್ಪನನ್ನು ಕರೆಯುತ್ತಾರೆ.

ಈ ಕೈಪಿಡಿ ತಯಾರಾದದ್ದು ಆನವಟ್ಟಿಯ ನಮ್ಮ ಮನೆಯ ಜಗಲಿಯಲ್ಲಿ, ಕರೆಂಟು ಹೋದ ಒಂದು ಸಂಜೆ. ಬರೆದವನು ನಾನು. ಬಳಸಿ ನೋಡಿದವಳು ಎಸ್ಸೆಸ್ಸೆಲ್ಸಿ ಓದುವ ಅಣ್ಣನ ಮಗಳು. ಗುಣಮಟ್ಟದ ತಪಾಸಣೆ ನಮ್ಮ ಅವ್ವನದು. ಅವ್ವ ಶಾಲೆಗೆ ಹೋದದ್ದು ಎರಡೇ ವರ್ಷ, ಆದರೆ ಕಣದಲ್ಲಿ ಭತ್ತ ಅಳೆದದ್ದು ಐವತ್ತು ವರ್ಷ. ಆದ್ದರಿಂದ ತಕರಾರಿದ್ದರೆ ಅವ್ವನ ಮಾತೇ ಅಂತಿಮ.

ಪೊಟ್ಟಣದೊಳಗೆ ಏನೇನಿದೆ

ಒಂದರ ಬೆನ್ನಿಗೊಂದು ನಿಂತ ಸಂಖ್ಯೆಗಳು: 7, 8, 9 ಅನ್ನುವಂಥವು. ಪಠ್ಯಪುಸ್ತಕಗಳಲ್ಲಿ ಇವಕ್ಕೆ ‘ಕ್ರಮಾಗತ’, ‘ಅನುಕ್ರಮ’ ಎಂದೆಲ್ಲ ಹೆಸರು. ಹೆಸರು ಕೇಳಿಯೇ ಅರ್ಧ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಹೆದರಬೇಡಿ. ಸಾಲಿನಲ್ಲಿ ಒಬ್ಬನ ಗುರುತು ಸಿಕ್ಕರೆ ಸಾಕು, ಮಿಕ್ಕವರ ಗುರುತೆಲ್ಲ ತಾನಾಗಿ ಸಿಗುತ್ತದೆ. ಊರಿನಲ್ಲಿ ಇಷ್ಟು ಸಲೀಸಾದ ಪತ್ತೆದಾರಿಕೆ ಬೇರೊಂದಿಲ್ಲ.

ಇಂಥ ಸಂಖ್ಯೆಗಳು ನಮ್ಮಲ್ಲಿ ಎಲ್ಲಿ ಸಿಗುತ್ತವೆ? ಮನೆ ನಂಬರಿನಲ್ಲಿ ಸಿಗುವುದಿಲ್ಲ. ಒಂದು ಮನೆ ಮೂವರು ಅಣ್ಣತಮ್ಮಂದಿರಿಗೆ ಪಾಲಾದ ಮೇಲೆ ನಂಬರಿನ ಪಕ್ಕ ಓರೆಗೆರೆ, ಅದರ ಪಕ್ಕ ‘ಎ’, ‘ಬಿ’ ಬಂದು ಕೂತಿರುತ್ತವೆ. ಬಸ್ಸಿನ ವೇಳೆಯಲ್ಲಂತೂ ಕೇಳಲೇಬೇಡಿ. ಖಾತರಿಯಾಗಿ ಸಿಗುವುದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಪಡಿತರದ ಟೋಕನ್ನಿನಲ್ಲಿ, ಪರೀಕ್ಷೆಯ ಹಾಲ್ ಟಿಕೆಟ್ಟಿನಲ್ಲಿ.

ಎಚ್ಚರಿಕೆ: ಸಂಖ್ಯೆ ಎಷ್ಟಿವೆ ಎಂದು ಎಣಿಸುವಾಗ ಜಾರಬೇಡಿ. 7ರಿಂದ 13ರವರೆಗೆ ಎಷ್ಟು? ಹದಿಮೂರರಲ್ಲಿ ಏಳು ಕಳೆದು ಆರು ಎಂದಿರೋ, ಕೆಟ್ಟಿತು. ಏಳನೇ ತಾರೀಕಿನಿಂದ ಹದಿಮೂರರವರೆಗೆ ಬೀಗರು ಬಂದು ಉಳಿದರೆ ಅಡುಗೆಮನೆಯವರು ಏಳು ದಿನದ ಅಕ್ಕಿ ತೆಗೆಯುತ್ತಾರೆ, ಆರು ದಿನದ್ದಲ್ಲ. ಕಳೆಯುವುದರಿಂದ ಸಿಗುವುದು ಕಂಬಗಳ ನಡುವಿನ ಸಂದು. ಕಂಬ ಬೇಕಿದ್ದರೆ ಒಂದು ಸೇರಿಸಿ.

ಹಂತ 1: ಹೆಸರಿಡುವುದು

ಗೊತ್ತಿಲ್ಲದ ಸಂಖ್ಯೆಗೆ ಮೊದಲು ಒಂದು ಹೆಸರಿಡಬೇಕು. ಪುಸ್ತಕದಲ್ಲಿ ಅದು ‘ಎಕ್ಸ್’. ಅಣ್ಣನ ಮಗಳು ಸ್ಲೇಟಿನಷ್ಟು ದೊಡ್ಡದಾಗಿ ಆ ಅಕ್ಷರ ಬರೆದು, “ಮೊದಲನೇ ಸಂಖ್ಯೆ ಎಕ್ಸ್ ಆಗಿರಲಿ” ಎಂದು ದೇವರ ಮುಂದೆ ಹೇಳಿಕೊಂಡಂತೆ ಹೇಳಿದಳು.

ಭತ್ತದ ಚೀಲದ ಬಾಯಿ ಬಿಚ್ಚುತ್ತಿದ್ದ ಅವ್ವ, “ಮೊದಲನೇದಕ್ಕೆ ಲಾಭ ಅನ್ನಬೇಕು, ಅದೆಂತ ಎಕ್ಸು?” ಎಂದಳು.

ಅವ್ವನ ಮಾತಿನಲ್ಲಿ ಹುರುಳಿದೆ. ನಮ್ಮ ಕಡೆ ಭತ್ತ ಅಳೆಯುವವರು ಒಂದನೆಯ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎರಡನೆಯ ಕೊಳಗ ತುಂಬುವವರೆಗೂ ‘ಲಾಭ, ಲಾಭ, ಲಾಭ’ ಎಂದು ಗುನುಗುತ್ತಲೇ ಇರುತ್ತಾರೆ, ಲೆಕ್ಕ ತಪ್ಪದಿರಲಿ ಎಂದು. ತುಂಬಿತೋ, ‘ಎರಡು, ಎರಡು, ಎರಡು’. ಈ ವರ್ಷದ ಶುಂಠಿಯ ರೇಟು, ಮೆಕ್ಕೆಜೋಳದ ರೇಟು ನೋಡಿದ ಮೇಲೆ ನನಗೂ ಅನ್ನಿಸಿತು, ಗೊತ್ತಿಲ್ಲದ ಸಂಖ್ಯೆಗೆ ‘ಲಾಭ’ಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ.

ಹೀಗೆ ನಮ್ಮ ಮಾತಿನಲ್ಲೇ ಹೆಸರಿಡುವುದು ಹೊಸದೇನೂ ಅಲ್ಲ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ರಾಶಿಗೆ ‘ಯಾವತ್ತಾವತ್’ ಎಂದು ಹೆಸರು, ಚುಟುಕಾಗಿ ‘ಯಾ’. ಇನ್ನೂ ಒಂದು ಬೇಕಾದರೆ ಬಣ್ಣಗಳ ಸರದಿ: ಕಾಲಕಕ್ಕೆ ‘ಕಾ’, ನೀಲಕಕ್ಕೆ ‘ನೀ’. ಅವರಿಗೆ ‘ಯಾ’ ನಡೆಯುವುದಾದರೆ ಆನವಟ್ಟಿಯಲ್ಲಿ ‘ಲಾ’ ಏಕೆ ನಡೆಯಬಾರದು?

ಹಂತ 2: ಯಾರಿಗೆ ಹೆಸರಿಡಬೇಕು

ಇಲ್ಲೇ ಇರುವುದು ಇಡೀ ಕೈಪಿಡಿಯ ಗುಟ್ಟು. ಇದೊಂದು ಹಂತ ಓದಿ ಮಿಕ್ಕಿದ್ದು ಬಿಟ್ಟರೂ ಯಂತ್ರ ಓಡುತ್ತದೆ.

ಮಗಳು ಕ್ಯಾಲೆಂಡರಿನಲ್ಲಿ ಒಂದರ ಬೆನ್ನಿಗೊಂದು ಮೂರು ತಾರೀಕಿಗೆ ಸುತ್ತು ಹಾಕಿ, ಕೈಯಿಂದ ಮುಚ್ಚಿ, “ಕೂಡಿದ್ರೆ 51” ಎಂದಳು. ಪುಸ್ತಕದ ದಾರಿ ಹಿಡಿದರೆ ಮೊದಲನೆಯದು ಲಾ, ಎರಡನೆಯದು ಲಾ + 1, ಮೂರನೆಯದು ಲಾ + 2. ಕೂಡಿದರೆ ಮೂರು ಲಾ, ಮೇಲೆ 3. ಆ ಮೂರನ್ನು ಆಚೆಗೆ ಒಯ್ಯಬೇಕು, ಒಯ್ಯುವಾಗ ಚಿಹ್ನೆ ಬದಲಿಸಬೇಕು, ಬದಲಿಸುವುದನ್ನು ಮರೆಯಬೇಕು, ಮೇಷ್ಟ್ರ ಕೈಯಲ್ಲಿ ಬೈಸಿಕೊಳ್ಳಬೇಕು. ಕೊನೆಗೆ ಮೂರು ಲಾ ಅಂದರೆ 48, ಲಾ ಅಂದರೆ 16.

ಈಗ ನಡುವಿನವನನ್ನು ಹಿಡಿಯಿರಿ. ಅವನಿಗೆ ‘ನ’ ಎನ್ನಿ. ಎಡಗಡೆಯವನು ನ − 1, ಬಲಗಡೆಯವನು ನ + 1. ಎಡಗಡೆಯವನಿಗೆ ಒಂದು ಕಮ್ಮಿ, ಬಲಗಡೆಯವನಿಗೆ ಒಂದು ಜಾಸ್ತಿ. ಕೂಡಿದಾಗ ಇವನ ಕೊರತೆ ಅವನ ಹೆಚ್ಚಳಕ್ಕೆ ವಜಾ. ಉಳಿದದ್ದು ಬರೀ ಮೂರು ನ. 51ನ್ನು ಮೂರರಿಂದ ಭಾಗಿಸಿದರೆ 17. ಅಕ್ಕಪಕ್ಕದವರು 16, 18. ಆಚೆಗೆ ಒಯ್ಯುವುದೂ ಇಲ್ಲ, ಬೈಸಿಕೊಳ್ಳುವುದೂ ಇಲ್ಲ.

“ಇಷ್ಟೇನಾ?” ಎಂದಳು ಮಗಳು. ಮೋಸ ಹೋದವರ ದನಿ ಅದು.

ಇಷ್ಟೇ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಶ್ರೇಢಿಗಳಿಗೇ ಒಂದು ಭಾಗವಿದೆ. ಮಗಳ ಪುಸ್ತಕದ ‘ಸಮಾಂತರ ಶ್ರೇಢಿ’ಯ ‘ಶ್ರೇಢಿ’ ಅದೇ ಹಳೆಯ ಮಾತು. ಅಲ್ಲಿ ಸಾಲಿನ ನಡುವಿನ ಬೆಲೆಗೆ ‘ಮಧ್ಯಧನ’ ಎಂದು ಹೆಸರು, ಒಟ್ಟು ಮೊತ್ತಕ್ಕೆ ‘ಸರ್ವಧನ’. ಮಧ್ಯಧನವನ್ನು ಪದಗಳ ಎಣಿಕೆಯಿಂದ ಗುಣಿಸಿದರೆ ಸರ್ವಧನ. ನಾನು ಜಗಲಿಯಲ್ಲಿ ಕೂತು ಕಂಡುಹಿಡಿದೆ ಎಂದುಕೊಂಡ ಉಪಾಯಕ್ಕೆ ಒಂಬತ್ತು ಶತಮಾನದ ಗಡ್ಡ ಬೆಳೆದಿದೆ.

ನಂಬಿಕೆ ಬಾರದವರು ಸಂಜೆ ಹೊತ್ತು ಕುಬಟೂರಿನ ಕೈಟಭೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಮಂಟಪದ ನಡುವಿನ ಹಾದಿಯಲ್ಲಿ ಗರ್ಭಗುಡಿಗೆ ಮುಖ ಮಾಡಿ ನಿಲ್ಲಿ. ತಿರುಗಣೆಯಲ್ಲಿ ಕಡೆದು ನುಣುಪಾದ ಕಂಬಗಳು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ನಿಂತಿರುತ್ತವೆ. ಮೂಲೆಯ ಕಂಬದಿಂದ ಎಣಿಸಲು ಹೊರಟವನು ಅರ್ಧಕ್ಕೆ ಲೆಕ್ಕ ತಪ್ಪಿ ಮತ್ತೆ ಮೂಲೆಗೆ ಬರುತ್ತಾನೆ. ನಡುವೆ ನಿಂತವನಿಗೆ ಎಡಗಡೆ ಎಣಿಸಿದರೆ ಸಾಕು, ಬಲಗಡೆಯದು ಪುಕ್ಕಟೆ.

ಹಂತ 3: ನಡುವಿನವನು ಬದುವಿನ ಮೇಲೆ ನಿಂತರೆ

ಸಂಖ್ಯೆಗಳು ಮೂರೋ ಐದೋ ಏಳೋ ಇದ್ದರೆ ನಡುವೆ ಒಬ್ಬನಿರುತ್ತಾನೆ. ಎರಡೋ ನಾಲ್ಕೋ ಇದ್ದರೆ? ಆಗ ನಡುವೆ ಯಾರೂ ಇರುವುದಿಲ್ಲ, ಬದು ಇರುತ್ತದೆ. ಎರಡು ಗದ್ದೆಗಳ ನಡುವಿನ ಬದು ಯಾರ ಗದ್ದೆಯೂ ಅಲ್ಲ, ಆದರೆ ಎರಡೂ ಗದ್ದೆಯ ಅಳತೆ ಶುರುವಾಗುವುದು ಅಲ್ಲಿಂದಲೇ. ನಾಲ್ಕು ಅನುಕ್ರಮ ಸಂಖ್ಯೆಗಳ ಮೊತ್ತ 70 ಎಂದರೆ ಭಾಗಿಸಿದಾಗ ಹದಿನೇಳೂವರೆ ಬರುತ್ತದೆ. ಗಾಬರಿಯಾಗಿ ಅಳಿಸಬೇಡಿ. ಹದಿನೇಳೂವರೆ ಬದು. ಅದರ ಈಚೆಗೆ 17, 16. ಆಚೆಗೆ 18, 19.

ಹತ್ತನೇ ತರಗತಿಯ ವರ್ಗಸಮೀಕರಣದ ಪಾಠದಲ್ಲಿ ಒಂದು ಲೆಕ್ಕವಿದೆ. ಎರಡು ಅನುಕ್ರಮ ಧನ ಪೂರ್ಣಾಂಕಗಳನ್ನು ವರ್ಗ ಮಾಡಿ ಕೂಡಿದರೆ 365 ಬರಬೇಕು. ಮಗಳು ಪುಸ್ತಕದ ದಾರಿಯಲ್ಲೇ ಹೊರಟು, ಬಿಡಿಸಿ, ಎರಡರಿಂದ ಭಾಗಿಸಿ, ಲಾ ವರ್ಗ + ಲಾ − 182 = 0 ಎಂಬಲ್ಲಿಗೆ ಬಂದು, 182ಕ್ಕೆ ಅಪವರ್ತನ ಹುಡುಕುತ್ತ ಪೆನ್ಸಿಲ್ ಕಚ್ಚುತ್ತ ಕೂತಳು. ಬದುವಿನ ದಾರಿ ನೋಡಿ. 365ರ ಅರ್ಧ ನೂರಾ ಎಂಬತ್ತೆರಡೂವರೆ. 13ರ ವರ್ಗ 169, ಅದು ಕಮ್ಮಿಯಾಯಿತು. 14ರ ವರ್ಗ 196, ಅದು ಜಾಸ್ತಿಯಾಯಿತು. ಒಬ್ಬ ಈಚೆ, ಒಬ್ಬ ಆಚೆ. ಕೂಡಿ ನೋಡಿ: 365.

“ಹಿಂಗ್ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಚಿಕ್ಕಪ್ಪ?”

ಕೊಡುವುದಿಲ್ಲ. ಉತ್ತರಪತ್ರಿಕೆಯಲ್ಲಿ 14ನ್ನೂ 13ನ್ನೂ ಅಪವರ್ತನ ಮಾಡಿಯೇ ತರಬೇಕು. ಆದರೆ ಉತ್ತರ ಗೊತ್ತಿದ್ದವಳಿಗೆ ಅಪವರ್ತನ ಹುಡುಕುವುದು ಎಷ್ಟು ಹೊತ್ತಿನ ಕೆಲಸ?

ಹೊರದೇಶದ ಮಾದರಿ

ಈ 365ಕ್ಕೆ ರಷ್ಯದಲ್ಲೊಬ್ಬ ಅಣ್ಣನಿದ್ದಾನೆ. ಬೊಗ್ದಾನೊವ್-ಬೆಲ್ಸ್ಕಿ ಎಂಬ ಚಿತ್ರಕಾರ 1895ರಲ್ಲಿ ಬರೆದ ಚಿತ್ರವೊಂದರಲ್ಲಿ ಹಳ್ಳಿಯ ಹುಡುಗರು ಕಪ್ಪು ಹಲಗೆಯ ಮುಂದೆ ತಲೆ ಕೆರೆದುಕೊಳ್ಳುತ್ತ ನಿಂತಿದ್ದಾರೆ. ಪಕ್ಕದಲ್ಲಿ ಕೂತಿರುವ ಮೇಷ್ಟ್ರು ಸೆರ್ಗೆಯ್ ರಾಚಿನ್‌ಸ್ಕಿ. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವರು ಅದನ್ನು ಬಿಟ್ಟು ತತೆವೊ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳಿಗೆ ಬಾಯಿಲೆಕ್ಕ ಕಲಿಸಿದರು. ಹಲಗೆಯ ಮೇಲಿರುವ ಲೆಕ್ಕ ಇದು: 10, 11, 12, 13, 14ರ ವರ್ಗಗಳನ್ನು ಕೂಡಿ 365ರಿಂದ ಭಾಗಿಸು. ಕಾಗದವಿಲ್ಲ, ಪೆನ್ಸಿಲ್ಲಿಲ್ಲ, ಕಚ್ಚಲಿಕ್ಕೆ ಬೆರಳೊಂದೇ.

ಉತ್ತರ 2. ಏಕೆಂದರೆ ಮೊದಲ ಮೂರರ ವರ್ಗಗಳ ಮೊತ್ತ 365, ಕೊನೆಯ ಎರಡರದ್ದೂ 365. ನಮ್ಮ ಪುಸ್ತಕದ 13, 14 ಆ ಸಾಲಿನ ಬಾಲ.

ಇಂಥ ಐದು ಸಂಖ್ಯೆಗಳನ್ನು ಹುಡುಕುವವರೂ ನಡುವಿನವನನ್ನೇ ಹಿಡಿಯಬೇಕು. ನ − 2, ನ − 1, ನ ಒಂದು ಕಡೆ. ನ + 1, ನ + 2 ಇನ್ನೊಂದು ಕಡೆ. ವರ್ಗ ಮಾಡಿದರೆ ಎರಡೂ ಕಡೆ 5 ಬರುತ್ತದೆ, ಅವು ಪರಸ್ಪರ ಹೊಡೆದುಹೋಗುತ್ತವೆ. ಉಳಿಯುವುದು ನ ವರ್ಗ = 12 ನ. ಸೊನ್ನೆಯನ್ನು ಬಿಟ್ಟರೆ ನ ಅಂದರೆ 12. ಇದನ್ನೇ ಮೊದಲನೆಯವನಿಂದ ಶುರು ಮಾಡಿ ನೋಡಿ, ಎರಡು ಪುಟ ಖರ್ಚಾಗದಿದ್ದರೆ ಕೇಳಿ.

ಅಭ್ಯಾಸಕ್ಕೆ ಸ್ಥಳೀಯ ಸಂಖ್ಯೆಗಳು

ನಮ್ಮ ಸೀಮೆಯ ಹಳೆಯ ಹೆಸರುಗಳಿಗೆ ಸಂಖ್ಯೆಯೇ ಬಾಲ. ಬನವಾಸಿ 12000. ಅದರೊಳಗೆ ಬಂದಳಿಕೆ ಸುತ್ತಲಿನ ನಾಗರಖಂಡ 70. ಶಾಸನ ಕಡೆಯುವವರು ಆ ಸಂಖ್ಯೆಯನ್ನು ಕಲ್ಲಿಗೆ ಹಾಕಿದ್ದು ಆಡಳಿತದ ಲೆಕ್ಕಕ್ಕೆ. ನಾವು ಮನೆಲೆಕ್ಕಕ್ಕೆ ತೆಗೆದುಕೊಳ್ಳೋಣ.

70ನ್ನು ಅನುಕ್ರಮ ಸಂಖ್ಯೆಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು? ನಾಲ್ಕು ಜನರ ಸಾಲು ಆಗಲೇ ಆಯಿತು, 16ರಿಂದ 19. ಐದು ಜನರ ಸಾಲಿಗೆ ನಡುವಿನವನು 14, ಆದ್ದರಿಂದ 12ರಿಂದ 16. ಏಳು ಜನರಿಗೆ ನಡುವಿನವನು 10, ಆದ್ದರಿಂದ 7ರಿಂದ 13. ಬೀಗರು ಉಳಿದ ತಾರೀಕುಗಳು ನೆನಪಾದವೇ? 12000ವನ್ನು ಮೂವರಿಗೆ ಹಂಚಿದರೆ 3999, 4000, 4001. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬನವಾಸಿ 12000ವನ್ನು ಆಳಿದವನು ಬಂಕೆಯ. ಅದೇ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಮುಂದೆ 12ನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಗಣಿತ ನಮ್ಮ ಮಾತಿಗೆ ಒಗ್ಗುವುದಿಲ್ಲ ಎನ್ನುವವರಿಗೆ ಇದನ್ನು ಮೆಲ್ಲಗೆ ಹೇಳಿ.

ಈಗ ತಾಳಗುಂದ. ಅಲ್ಲಿ ಕದಂಬರ ದೊರೆ 32 ಮನೆತನಗಳನ್ನು ಉತ್ತರದ ಅಹಿಚ್ಛತ್ರದಿಂದ ಕರೆತಂದು ನೆಲೆಗೊಳಿಸಿದ ಎಂಬುದು ಐತಿಹ್ಯ. 32ನ್ನು ಅನುಕ್ರಮ ಧನ ಸಂಖ್ಯೆಗಳ ಮೊತ್ತವಾಗಿ ಬರೆಯಿರಿ.

ಮಗಳು ಕಾಲು ಗಂಟೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. 15ಕ್ಕೆ 16 ಕೂಡಿದರೆ 31, 16ಕ್ಕೆ 17 ಕೂಡಿದರೆ 33. 10, 11, 12 ಸೇರಿದರೂ 33. ನಾಲ್ಕು ತೆಗೆದುಕೊಂಡರೆ 30ರಿಂದ 34ಕ್ಕೆ ಹಾರಿತು. “ಇದು ಬರಂಗಿಲ್ಲ ಬಿಡು” ಎಂದು ರಬ್ಬರ್ ಎಸೆದಳು.

ಯಂತ್ರ ಕೆಟ್ಟಿಲ್ಲ. ಯಂತ್ರ ಓಡದ ಜಾಗ ಅದು.

ತೊಂದರೆ ಮತ್ತು ಪರಿಹಾರ

ತೊಂದರೆ: 32 ಬರುತ್ತಿಲ್ಲ.

ಕಾರಣ: ಸಾಲಿನಲ್ಲಿರುವವರ ಎಣಿಕೆ ಬೆಸವಾದರೆ ಮೊತ್ತ ಎಂದರೆ ಆ ಬೆಸ ಎಣಿಕೆ ಗುಣಿಸು ನಡುವಿನವನು. ಎಣಿಕೆ ಸಮವಾದರೆ ಮೊದಲನೆಯವನನ್ನೂ ಕೊನೆಯವನನ್ನೂ ಜೋಡಿ ಮಾಡಿ, ಹಾಗೇ ಒಳಗೊಳಗೆ ಬನ್ನಿ. ಎಲ್ಲ ಜೋಡಿಯೂ ಒಂದೇ ತೂಕ, ಬದುವಿನ ಆಚೀಚೆಯ ಇಬ್ಬರ ಮೊತ್ತದಷ್ಟು. ಬೆನ್ನಿಗೆ ಬೆನ್ನು ಹಚ್ಚಿದ ಇಬ್ಬರಲ್ಲಿ ಒಬ್ಬ ಸಮ, ಒಬ್ಬ ಬೆಸ, ಮೊತ್ತ ಬೆಸವೇ. ಹೇಗೆ ನೋಡಿದರೂ ಮೊತ್ತದ ಹೊಟ್ಟೆಯಲ್ಲಿ ಒಂದಕ್ಕಿಂತ ದೊಡ್ಡ ಬೆಸ ಸಂಖ್ಯೆಯೊಂದು ಕೂತಿರಲೇಬೇಕು. 32ನ್ನು ಅರ್ಧ ಮಾಡುತ್ತ ಹೋಗಿ: 16, 8, 4, 2, 1. ಬೆಸದ ಸುಳಿವೇ ಇಲ್ಲ.

ಇದನ್ನು ಹೇಳಿದಾಗ ಅವ್ವ ಕಿವಿ ನಿಮಿರಿಸಿದಳು. ಅವಳ ಬಾಲ್ಯದ ದುಡ್ಡಿನ ಲೆಕ್ಕ ಅದೇ: ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ, ಹದಿನಾರಾಣೆಗೆ ರೂಪಾಯಿ. ಅಷ್ಟೂ ಸಾಲಿಗೆ ನಿಲ್ಲಲು ಒಪ್ಪದ ಸಂಖ್ಯೆಗಳು.

ಪರಿಹಾರ: ‘ಧನ’ ಎಂಬ ಷರತ್ತು ತೆಗೆದುಹಾಕಿದರೆ 32 ಬರುತ್ತದೆ. ಗಣಿತದಲ್ಲಿ ಸೊನ್ನೆಗಿಂತ ಹೆಚ್ಚಿನದು ಧನ, ಕಡಿಮೆಯದು ಋಣ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಇವೆರಡನ್ನೂ ಕೂಡುವ ಕಳೆಯುವ ನಿಯಮ ಬರೆದಿಟ್ಟ. ಋಣ 31ರಿಂದ ಶುರು ಮಾಡಿ, ಸೊನ್ನೆ ದಾಟಿ, ಧನ 32ರವರೆಗೆ ಕೂಡಿ. 31ರ ಸಾಲ 31ರ ದುಡ್ಡಿಗೆ ವಜಾ, 30ರದ್ದು 30ಕ್ಕೆ ವಜಾ. 64 ಸಂಖ್ಯೆಗಳ ಮೆರವಣಿಗೆ ಮುಗಿದಾಗ ಕೈಯಲ್ಲುಳಿದದ್ದು 32. ಸೊಸೈಟಿ ಸಾಲ ತೆಗೆದು ಶುಂಠಿ ಹಾಕಿದವರಿಗೆ ಈ ಲೆಕ್ಕ ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಮೆರವಣಿಗೆ, ಕೊನೆಯಲ್ಲಿ ಉಳಿದ ಆ ಒಂದಿಷ್ಟೇ ಲಾಭ.

ತೊಂದರೆ: ಅನುಕ್ರಮ ಬೆಸ ಸಂಖ್ಯೆ ಕೇಳಿದ್ದಾರೆ, ನಾನು ನ − 1, ನ + 1 ಬರೆದೆ.

ಪರಿಹಾರ: ಬೆಸದ ಪಕ್ಕದ ಬೆಸ ಒಂದು ಹೆಜ್ಜೆಯಲ್ಲಿ ಸಿಗುವುದಿಲ್ಲ, ಎರಡು ಹೆಜ್ಜೆ ಹಾಕಿ. ಸಮಕ್ಕೂ ಎರಡೇ ಹೆಜ್ಜೆ. ಎಂಟರ ಗುಣಕಗಳಾದರೆ ಎಂಟು ಹೆಜ್ಜೆ. ಎಂಟರ ಮೂರು ಅನುಕ್ರಮ ಗುಣಕಗಳ ಮೊತ್ತ 888 ಎಂದರೂ ನಡುವಿನವನು 296ರಲ್ಲೇ ಕೂತಿರುತ್ತಾನೆ. ನೆರೆಯವರು ದೂರ ಹೋದರು, ಅವನೇನು ಕದಲಲಿಲ್ಲ.

ಹಂತ 4: ಉತ್ತರ ಒಪ್ಪಿಸುವುದು

ನಡುವಿನವನು ಸಿಕ್ಕ ಖುಷಿಯಲ್ಲಿ ‘ನ = 17’ ಎಂದು ಬರೆದು ಅಡಿಗೆರೆ ಎಳೆದು ಎದ್ದು ಹೋಗುವವರೇ ಹೆಚ್ಚು. ಕೇಳಿದ್ದು ಮೂರು ಸಂಖ್ಯೆ. ಕೆಲವೊಮ್ಮೆ ಕೇಳುವುದು ಅತಿ ದೊಡ್ಡದನ್ನು ಮಾತ್ರ. ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಚಿಕ್ಕದರಿಂದ ಶುರು ಮಾಡಿ ಸಾಲಾಗಿ ಬರೆಯಿರಿ. ಕೂಡಿ ತಾಳೆ ನೋಡಿ.

ಅಂದರೆ ಅವ್ವ ಹೇಳಿದ್ದೂ ಸುಳ್ಳಲ್ಲ. ಲೆಕ್ಕ ನಡುವಿನಿಂದ, ಒಪ್ಪಿಸುವುದು ಲಾಭದಿಂದ.

ವಾರಂಟಿ

ಈ ಕೈಪಿಡಿಗೆ ವಾರಂಟಿ ಇಲ್ಲ. ಆದರೂ ಮುಗಿಸುವ ಮೊದಲು ಮಗಳು ತಾನೇ ಒಂದು ಲೆಕ್ಕ ಕಟ್ಟಿ ಅವ್ವನ ಮುಂದಿಟ್ಟಳು: “ಅಜ್ಜಿ, ಒಂದು ಮದುವೆ. ಚಪ್ಪರ ಒಂದಿನ, ಧಾರೆ ಮರುದಿನ, ಬೀಗರೂಟ ಅದರ ಮರುದಿನ. ಮೂರೂ ತಾರೀಕು ಕೂಡಿದ್ರೆ 57.”

“ಧಾರೆ ಹತ್ತೊಂಬತ್ತಕ್ಕೆ,” ಎಂದಳು ಅವ್ವ, ಕೊಳಗದಿಂದ ತಲೆಯೆತ್ತದೆ.

“ಅದೆಂಗ್ ಗೊತ್ತಾತು?”

“ಮೂರು ದಿನದ ಮದುವೆಗೆ ನಡುವಿನ ದಿನವಲ್ಲೇನೇ ಮದುವೆ? ಅದನ್ನ ಹಿಡಿದ್ರೆ ಹಿಂದಿಂದು ಮುಂದಿಂದು ತಾವೇ ಬರ್ತಾವು.”

ಮಗಳು ನನ್ನ ಮುಖ ನೋಡಿದಳು. ನಾನು ಕೈಪಿಡಿಯ ಹಾಳೆಗಳನ್ನು ಮಡಚಿ ಜೇಬಿಗಿಟ್ಟೆ. ಅಷ್ಟರಲ್ಲಿ ಕರೆಂಟು ಬಂತು. ಮಾತಿಗೆಳೆದ ಗಲಾಟೆಯಲ್ಲಿ ಅವ್ವನ ಎಣಿಕೆ ತಪ್ಪಿತ್ತು. ಅಳೆದ ಭತ್ತವನ್ನೆಲ್ಲ ಮತ್ತೆ ಚೀಲದೊಳಗೆ ಸುರಿದು, ಕೊಳಗ ಕೊಡವಿ, ಮೊದಲಿನಿಂದ ತುಂಬತೊಡಗಿದಳು: ಲಾಭ, ಲಾಭ, ಲಾಭ.